ಡ್ರಮ್ಸ್ ಬಿಟ್ಟ ಮೇಲೆ ವಯಟ್ ಮಾಡಿದ ಆಲ್ಬಂ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಪ್ರೋಗ್ರೆಸಿವ್ ರಾಕ್ (ರಾಕ್ ಸಂಗೀತದ ಪ್ರಯೋಗಶೀಲ ಬಗೆ) ಅಂದರೆ ಉದ್ದುದ್ದ ಹಾಡು, ಬರೀ ಕೈಚಳಕ ಅಂತ ಬರೆದಿದ್ದೆಯಲ್ಲ, ಅದಕ್ಕೆ ವಾದ ಮಾಡುವುದಿಲ್ಲ. ಒಂದು ಆಲ್ಬಂ ಕೇಳು ಸಾಕು. ರಾಬರ್ಟ್ ವಯಟ್‌ನ ‘ರಾಕ್ ಬಾಟಮ್’. 1974ರದ್ದು, ಆರೇ ಆರು ಹಾಡು.

ವಯಟ್ ಇಂಗ್ಲೆಂಡಿನ ಸಾಫ್ಟ್ ಮೆಷೀನ್ ಬ್ಯಾಂಡಿನ ಡ್ರಮ್ಮರ್, ಹಾಡುಗಾರ ಕೂಡ. 1971ರಲ್ಲಿ ಅಲ್ಲಿಂದ ಹೊರಬಂದು ಮ್ಯಾಚಿಂಗ್ ಮೋಲ್ ಅಂತ ತನ್ನದೇ ಬ್ಯಾಂಡ್ ಕಟ್ಟಿದ. 1973ರ ಜೂನ್ 1ರಂದು ಲಂಡನ್ನಿನ ಒಂದು ಪಾರ್ಟಿಯಲ್ಲಿ ಕುಡಿದಿದ್ದಾಗ ಮಹಡಿಯ ಕಿಟಕಿಯಿಂದ ಕೆಳಗೆ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬೇಸ್ ಡ್ರಮ್ಮಿನ ಪೆಡಲ್ ಒತ್ತಲು ಕಾಲಿನಲ್ಲಿ ಶಕ್ತಿಯೇ ಇಲ್ಲವಾಯಿತು. ಆ ನವೆಂಬರಿನಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡ್ ಮತ್ತು ಸಾಫ್ಟ್ ಮೆಷೀನ್ ಸೇರಿ ಅವನಿಗಾಗಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ನುಡಿಸಿ ದುಡ್ಡು ಕೂಡಿಸಿದರು.

ಬಿದ್ದ ನೋವಿನಿಂದಲೇ ಈ ಹಾಡುಗಳು ಹುಟ್ಟಿದವು ಅಂತ ಜಾಸ್ತಿ ಜನ ಹೇಳುತ್ತಾರೆ. ಹಾಗಲ್ಲ ಕಣೋ. ಬೀಳುವ ಮುಂಚೆಯೇ, ವೆನಿಸ್‌ನಲ್ಲಿ, ಇದರ ಬಹುಪಾಲು ರೂಪ ಪಡೆದಿತ್ತು. ಅವನ ಗೆಳತಿ ಆಲ್ಫಿ ಅಲ್ಲಿ ಒಂದು ಸಿನಿಮಾ ಕೆಲಸದಲ್ಲಿದ್ದಳು. ಅವನಿಗೆ ಪುಟ್ಟ ಕೀಬೋರ್ಡ್ ಒಂದನ್ನು ಕೊಡಿಸಿದವಳೂ ಅವಳೇ. ಅದರ ನಡುಗುವ ದನಿಯೇ ಇಡೀ ಆಲ್ಬಮ್ಮಿನ ಉಸಿರು. ಆಮೇಲೆ ಆಸ್ಪತ್ರೆಯಲ್ಲಿದ್ದಾಗ ಅಲ್ಲಿದ್ದ ಹಳೇ ಪಿಯಾನೋ ಮುಂದೆ ಕೂತು ಹಾಡುಗಳನ್ನು ತಿದ್ದಿದ. ಬಿದ್ದದ್ದರಿಂದ ಬದಲಾದದ್ದು ಹಾಡಲ್ಲ, ಅದನ್ನು ಕಟ್ಟುವ ರೀತಿ. ಒಂದೇ ಬ್ಯಾಂಡಿಗೆ ಕಟ್ಟುಬೀಳುವ ಅಗತ್ಯ ಹೋಯಿತು. ಯಾವ ಹಾಡಿಗೆ ಯಾರು ಬೇಕೋ ಅವರನ್ನು ಕರೆದ.

ಧ್ವನಿಮುದ್ರಣದ ಒಂದಷ್ಟು ಭಾಗ ನಡೆದದ್ದು ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಡೆಲ್ಫಿನಾ ಎಂಬುವರ ತೋಟದ ಮನೆಯಲ್ಲಿ. ಆಲ್ಬಮ್ಮಿನ ಹಿಂದೆ ವಾದ್ಯಗಳ ಪಟ್ಟಿ ನೋಡು: ‘ಡೆಲ್ಫಿನಾಳ ತಟ್ಟೆ’, ‘ಡೆಲ್ಫಿನಾಳ ವೈನ್ ಗ್ಲಾಸ್’ ಅಂತ ಬರೆದಿದೆ! ಕಾಲು ಬೇಡದ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ತಾಳ ಮಾಡಿದ್ದಾನೆ. ನಿರ್ಮಾಪಕ ಪಿಂಕ್ ಫ್ಲಾಯ್ಡ್‌ನ ನಿಕ್ ಮೇಸನ್, ಅವನೂ ಡ್ರಮ್ಮರೇ.

ಮೊದಲ ಹಾಡು ‘ಸೀ ಸಾಂಗ್’. ಕೊನೆಯಲ್ಲಿ ಮಾತು ನಿಂತು ಹೋಗುತ್ತದೆ, ಬರೀ ಸ್ವರ ಮೇಲೆ ಮೇಲೆ ಹೋಗುತ್ತದೆ. ಅಲ್ಲಿ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ. ಮೂರನೇ ಹಾಡಿನಲ್ಲಿ ಮೊಂಗೇಜಿ ಫೇಜಾನ ಟ್ರಂಪೆಟ್ ಬರುತ್ತದೆ. ದಕ್ಷಿಣ ಆಫ್ರಿಕಾದಿಂದ ಬಂದ ಹುಡುಗ, 1975ರಲ್ಲೇ ತೀರಿಕೊಂಡ. ಒಬ್ಬನದೇ ಟ್ರಂಪೆಟ್ಟನ್ನು ಹಲವು ಸಲ ಮುದ್ರಿಸಿ ಒಂದರ ಮೇಲೊಂದು ಪೇರಿಸಿದ್ದಾರೆ, ಊರೇ ಎದ್ದು ಕೂಗುತ್ತಿದೆಯೇನೋ ಅನಿಸುತ್ತದೆ. ಕೈಚಳಕವೇ ಇದೂ, ಆದರೆ ತೋರಿಕೆಗಲ್ಲ, ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ‘ಆಲಿಫಿಬ್’. ಆಲ್ಫಿಯ ಹೆಸರನ್ನೇ ಉಸಿರಿನಲ್ಲಿ ಮತ್ತೆ ಮತ್ತೆ ಅಂದು, ಅದನ್ನೇ ತಾಳ ಮಾಡಿಕೊಂಡಿದ್ದಾನೆ. ಅದರ ಮೇಲೆ ಸಾಫ್ಟ್ ಮೆಷೀನ್‌ನ ಹಳೇ ಜೊತೆಗಾರ ಹ್ಯೂ ಹಾಪರ್‌ನ ಬೇಸ್ ಗಿಟಾರ್ ರಾಗ ಹಿಡಿಯುತ್ತದೆ. ಮುಂದಿನ ಹಾಡಿನ ಕೊನೆಗೆ ಆಲ್ಫಿಯೇ ಬಂದು ತನ್ನ ದನಿಯಲ್ಲಿ ಅವನಿಗೆ ಖಡಕ್ಕಾಗಿ ಉತ್ತರ ಕೊಡುತ್ತಾಳೆ. ಆಲ್ಬಂ ಹೊರಬಂದ ದಿನವೇ, 1974ರ ಜುಲೈ 26ರಂದು, ಇಬ್ಬರೂ ಮದುವೆಯಾದರು. ಹೊದಿಕೆಯ ಚಿತ್ರವೂ ಅವಳದೇ.

ಹಾಡುಗಳ ಸಾಹಿತ್ಯ ಓದುತ್ತಾ ಕೇಳಬೇಡ. ಸುಮ್ನೆ ಹೆಡ್‌ಫೋನ್ ಹಾಕಿಕೊಂಡು ಆರೂ ಹಾಡು ಸಾಲಾಗಿ ಕೇಳು. ಹಿಡಿಸದಿದ್ದರೂ ಯಾವುದು ಯಾಕೆ ಹಿಡಿಸಲಿಲ್ಲ ಅಂತ ಬಿಡಿಸಿ ಬರೆ.

ಇಂತಿ,
ನಿನ್ನ ಗೆಳೆಯ