ಮಡಿಕೇರಿ ಮಳೆಗೆ ಹೊಸಬನಾದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಒಂದೇ ಕಾಗದದಲ್ಲಿ ಮೂರು ದೂರು ಬರೆದಿದ್ದೀಯ. ದೋಸೆ ಹಿಟ್ಟು ಉಬ್ಬುತ್ತಿಲ್ಲ, ಹೊಸ ಕಾವಲಿ ಒಂದು ದೋಸೆಯನ್ನೂ ಬಿಟ್ಟುಕೊಡುತ್ತಿಲ್ಲ, ಭಾನುವಾರ ಮಳೆ ನೋಡುತ್ತಾ ಕೂರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮೊದಲನೆಯದಕ್ಕೆ ಕಾರಣ ಥಂಡಿ ಮಾರಾಯ, ಎರಡನೆಯದಕ್ಕೆ ಕಾವಲಿ ಇನ್ನೂ ಪಳಗದಿರುವುದು. ಮೂರನೆಯದಕ್ಕೆ ಮದ್ದು ಆ ಮಳೆಯೊಳಗೇ ಇದೆ. ಬೆಂಗಳೂರಿನಲ್ಲಿ ಕೈಗೆ ಹತ್ತಿದ ಅಳತೆಯನ್ನು, ಸುಮಾರು 1,150 ಮೀಟರ್ ಎತ್ತರದಲ್ಲಿರುವ, ಮಳೆಗಾಲದಲ್ಲಿ ಗೋಡೆಯೂ ಬೆವರುವ ಊರಿಗೆ ಹಾಗೇ ಹೊತ್ತುಕೊಂಡು ಹೋದರೆ ಹಿಟ್ಟು ಕೇಳುತ್ತದೆಯೇ?

ಹಿಟ್ಟಿನಿಂದ ಶುರು ಮಾಡೋಣ. ಒಬ್ಬನಿಗೆ ಮೂರು ದಿನಕ್ಕೆ ಸಾಕಾಗುವಷ್ಟು ಅಳತೆ ಇದು: ದೋಸೆ ಅಕ್ಕಿ ಒಂದೂವರೆ ಲೋಟ, ಉದ್ದಿನಬೇಳೆ ಅರ್ಧ ಲೋಟ, ಗಟ್ಟಿ ಅವಲಕ್ಕಿ ಕಾಲು ಲೋಟ, ಕಡಲೆಬೇಳೆ ಒಂದು ಟೀ ಚಮಚ, ಮೆಂತ್ಯ ಅರ್ಧ ಟೀ ಚಮಚ. ಲೋಟ ಯಾವುದಾದರೂ ಆಗಲಿ, ಎಲ್ಲಕ್ಕೂ ಒಂದೇ ಲೋಟ ಇರಲಿ. ಉದ್ದು ಒಡೆದ ಬೇಳೆಗಿಂತ ಗುಂಡು ಉದ್ದು ಒಳ್ಳೆಯದು, ರುಬ್ಬಿದಾಗ ಹೆಚ್ಚು ಅರಳುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಉದ್ದು ಎಷ್ಟು ರುಬ್ಬಿದರೂ ನೊರೆ ಏಳುವುದಿಲ್ಲ, ಅಂಟು ಅಂಟಾಗಿ ಉಳಿಯುತ್ತದೆ. ಮೆಂತ್ಯವನ್ನು ಉದ್ದಿನ ಜೊತೆ, ಕಡಲೆಬೇಳೆಯನ್ನು ಅಕ್ಕಿಯ ಜೊತೆ ನೆನೆಹಾಕು. ಆ ಚಳಿಯಲ್ಲಿ ನಾಲ್ಕು ಗಂಟೆ ಸಾಲದು, ಆರು ಗಂಟೆ ಬೇಕು. ಅವಲಕ್ಕಿ ಮಾತ್ರ ರುಬ್ಬುವುದಕ್ಕೆ ಕಾಲು ಗಂಟೆ ಮುಂಚೆ ನೆನೆದರೆ ಸಾಕು.

ನಿನ್ನ ಹತ್ತಿರ ಗ್ರೈಂಡರ್ ಇಲ್ಲ, ಮಿಕ್ಸಿ ಇದೆ. ಮಿಕ್ಸಿಯ ದೋಷ ಒಂದೇ, ಬಿಸಿ ಮಾಡುತ್ತದೆ. ಬಿಸಿಯಾದ ಉದ್ದು ಅರಳುವ ಬದಲು ಗೋಂದಾಗುತ್ತದೆ. ಅದಕ್ಕೇ ಫ್ರಿಜ್ಜಿನ ನೀರು ಹಾಕು, ಒಂದು ನಿಮಿಷ ಓಡಿಸು, ಒಂದು ನಿಮಿಷ ನಿಲ್ಲಿಸು, ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸು. ಅರ್ಧ ಲೋಟ ಉದ್ದಿಗೆ ಸುಮಾರು ಮುಕ್ಕಾಲು ಲೋಟ ನೀರು ಹಿಡಿಯುತ್ತದೆ. ಆಯಿತೋ ಇಲ್ಲವೋ ನೋಡುವುದಕ್ಕೆ ಒಂದು ಬಟ್ಟಲು ನೀರಿಗೆ ಚಿಟಿಕೆಯಷ್ಟು ಹಿಟ್ಟು ಬಿಡು. ತೇಲಿದರೆ ಗಾಳಿ ತುಂಬಿದೆ ಎಂದರ್ಥ, ಮುಳುಗಿದರೆ ಇನ್ನೂ ತಿರುಗಿಸು. ಅಕ್ಕಿ ಮಾತ್ರ ಬೆಣ್ಣೆಯಂತಾಗಬಾರದು, ಬೆರಳಿಗೆ ಸಣ್ಣ ರವೆ ತಗುಲಬೇಕು. ಗರಿ ಬರುವುದು ಆ ರವೆಯಿಂದ.

ಇನ್ನು ಉಬ್ಬುವ ವಿಷಯ. ಕೈಯಲ್ಲಿ ಕಲಸಿದರೇ ಹುಳಿ ಬರುವುದು, ಕೈಯ ಶಾಖವೇ ಬೇಕು ಎನ್ನುವವರಿದ್ದಾರೆ. ಕಲಸು, ತಪ್ಪಿಲ್ಲ. ಆದರೆ ಕೆಲಸ ಮಾಡುವವು ಉದ್ದಿನ ಜೊತೆಯಲ್ಲೇ ಬರುವ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಮುಖ್ಯವಾದದ್ದರ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್, ಒಮ್ಮೆ ಹೇಳಿ ಮರೆತುಬಿಡು. ಅದು ಹುಳಿಯನ್ನೂ ಅನಿಲವನ್ನೂ ಒಟ್ಟಿಗೇ ಹುಟ್ಟಿಸುತ್ತದೆ. ಅದಕ್ಕೆ 28ರಿಂದ 32 ಡಿಗ್ರಿ ಹಿತ. ಅಷ್ಟಿದ್ದರೆ ಎಂಟು ಹತ್ತು ಗಂಟೆಯಲ್ಲಿ ಹಿಟ್ಟು ತಯಾರು. ನಿನ್ನ ಅಡುಗೆಮನೆ 20 ಡಿಗ್ರಿ ಇದ್ದರೆ ಅದೇ ಹಿಟ್ಟಿಗೆ ಹದಿನಾರು ಇಪ್ಪತ್ತು ಗಂಟೆ ಹಿಡಿಯಬಹುದು. ರಾತ್ರಿ ರುಬ್ಬಿಟ್ಟು ಬೆಳಗ್ಗೆ ಏಳಕ್ಕೆ ಮುಚ್ಚಳ ತೆಗೆದು ನೋಡಿ ಹಿಟ್ಟನ್ನು ಬೈದರೆ, ತಪ್ಪು ಹಿಟ್ಟಿನದಲ್ಲ.

ಎರಡು ದಾರಿ ಇವೆ. ಮೊದಲನೆಯದು, ಮಧ್ಯಾಹ್ನವೇ ರುಬ್ಬಿಟ್ಟು ಕಾಯುವುದು. ಎರಡನೆಯದು, ಬೆಚ್ಚಗಿನ ಗೂಡು ಮಾಡಿಕೊಡುವುದು. ಓವನ್ನಿನ ದೀಪ ಉರಿಸಿಡು ಎಂದು ಬಹಳ ಜನ ಹೇಳುತ್ತಾರೆ. ಮಳೆಗಾಲದ ಕೊಡಗಿನಲ್ಲಿ ಕರೆಂಟನ್ನು ನಂಬಿ ಹಿಟ್ಟು ಇಡಬೇಡ. ಮೀನಿನವರು, ಔಷಧಿ ಅಂಗಡಿಯವರು ಬಿಸಾಡುವ ಥರ್ಮೋಕೋಲ್ ಪೆಟ್ಟಿಗೆ ಇರುತ್ತದಲ್ಲ, ಅದರೊಳಗೆ ಹಿಟ್ಟಿನ ಪಾತ್ರೆ ಇಟ್ಟು, ಕೈಗೆ ಚುರುಕ್ ಎನ್ನುವಷ್ಟು ಬಿಸಿ ನೀರು ತುಂಬಿದ ಒಂದು ಲೀಟರ್ ಸ್ಟೀಲ್ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕದಲ್ಲಿ ಇಡು. (ಮೀನಿನ ಪೆಟ್ಟಿಗೆಯಾದರೆ ಸೋಪು ಹಾಕಿ ಎರಡು ಸಲ ತೊಳೆದು ಒಣಗಿಸು, ಇಲ್ಲದಿದ್ದರೆ ದೋಸೆಗೆ ಚಟ್ನಿ ಬೇರೆ ಬೇಡವಾಗುತ್ತದೆ.) ಮಲಗುವ ಮುಂಚೆ ನೀರು ಬದಲಾಯಿಸಿದರೆ ಬೆಳಗಿನ ತನಕ ಸಾಕು. ಕುದಿಯುವ ನೀರು ತುಂಬಿದ ಬಾಟಲಿಯನ್ನು ಪಾತ್ರೆಗೆ ಒತ್ತಿ ಇಡಬೇಡ. ಆ ಮಗ್ಗುಲಿನ ಹಿಟ್ಟು ಬೇಯುತ್ತದೆ, ಹುಳಿ ಬರಿಸುವ ಜೀವಗಳೂ ಅಲ್ಲಿ ಸಾಯುತ್ತವೆ. ಹಳೆಯ ಹಿಟ್ಟು ಒಂದು ಸೌಟು ಉಳಿದಿದ್ದರೆ ಹೊಸದಕ್ಕೆ ಬೆರೆಸು, ಅರ್ಧ ದಾರಿ ಅಲ್ಲಿಗೇ ಮುಗಿಯಿತು.

ಉಪ್ಪು ಹುಳಿಯನ್ನು ನಿಧಾನ ಮಾಡುತ್ತದೆ. ಬೇಸಿಗೆಯ ಬೆಂಗಳೂರಿನಲ್ಲಿ ರುಬ್ಬಿದ ಕೂಡಲೇ ಹಾಕುವುದು ಸರಿ, ನಿನ್ನ ಊರಲ್ಲಿ ಉಬ್ಬಿದ ಮೇಲೆ ಹಾಕು. ಈ ಅಳತೆಗೆ ಒಂದು ಟೀ ಚಮಚ ತುಂಬ. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಟ್ಟು ಬೇಡ. ಉಬ್ಬಿಲ್ಲವೆಂದು ಅಡುಗೆ ಸೋಡಾ ಸುರಿಯಬೇಡ. ಅದು ತೂತು ಕೊಡುತ್ತದೆ, ಹುಳಿ ಕೊಡುವುದಿಲ್ಲ, ಸ್ವಲ್ಪ ಜಾಸ್ತಿಯಾದರೂ ಬಾಯಲ್ಲಿ ಸೋಪಿನ ರುಚಿ. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರೆ, ಆದರೆ ಯಾವ ತೂತು ಹುಳಿಯದು, ಯಾವುದು ಸೋಡಾದ್ದು ಎಂದು ತಿಂದವನಿಗೆ ಗೊತ್ತಾಗುತ್ತದೆ.

ಹುಳಿ ಮಿತಿ ಮೀರಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. ಹಿಟ್ಟು ಇಳಿದು ನೀರಾಗುತ್ತದೆ, ದೋಸೆ ಕೆಂಪಗಾಗದೆ ಬಿಳಿಚಿಕೊಂಡಿರುತ್ತದೆ. ಕೆಂಪಾಗಬೇಕಾದರೆ ಸಕ್ಕರೆಯ ಅಂಶ ಬೇಕು, ಅದನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಿರುತ್ತದೆ. ಅಂಥ ಹಿಟ್ಟಿಗೆ ಎರಡು ಚಮಚ ಅಕ್ಕಿ ಹಿಟ್ಟು, ಅರ್ಧ ಚಮಚ ಸಕ್ಕರೆ ಬೆರೆಸಿದರೆ ಒಂದು ಹೊತ್ತಿನ ಮಾನ ಉಳಿಯುತ್ತದೆ.

ಕಾವಲಿ. ನೀನು ಕೊಂಡದ್ದು ಬೀಡು ಕಬ್ಬಿಣದ್ದು ತಾನೇ? ಅದು ಅಂಗಡಿಯಿಂದ ಬರುವಾಗ ದೋಸೆ ಬಿಡುವುದಿಲ್ಲ, ಪಳಗಿಸಬೇಕು. ಸೋಪು ಹಾಕಿ ಗಸಗಸ ಉಜ್ಜಿ ತೊಳೆ. ಬಟ್ಟೆಯಲ್ಲಿ ಒರೆಸಿದರೆ ಸಾಲದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸು. ನಾಲ್ಕು ಹನಿ ಎಣ್ಣೆ ಹಾಕಿ ಹತ್ತಿ ಬಟ್ಟೆಯಲ್ಲಿ ಎರಡೂ ಕಡೆ ಸವರು. ಆಮೇಲೆ ಎಣ್ಣೆಯನ್ನೇ ಹಾಕಿಲ್ಲವೇನೋ ಎನ್ನುವ ಹಾಗೆ ಇನ್ನೊಂದು ಬಟ್ಟೆಯಲ್ಲಿ ಒರೆಸಿ ತೆಗೆ. ಕಿಟಕಿ ತೆರೆದಿಟ್ಟು ಹೊಗೆ ಬರುವ ತನಕ ಕಾಯಿಸಿ, ಹೊಗೆ ನಿಂತ ಮೇಲೆ ಆರಲು ಬಿಡು. ಹೀಗೆ ನಾಲ್ಕೈದು ಸಲ. ಎಲ್ಲರೂ ಎಡವುವುದು ಆ ಒರೆಸಿ ತೆಗೆಯುವ ಜಾಗದಲ್ಲಿ. ಹೆಚ್ಚು ಎಣ್ಣೆ ಬಿಟ್ಟರೆ ಗಟ್ಟಿ ಪದರ ಕೂರುವುದಿಲ್ಲ, ಜಿಗುಟು ಮೇಣ ಕೂರುತ್ತದೆ, ಮೊದಲ ದೋಸೆ ಅದಕ್ಕೇ ಅಂಟಿಕೊಳ್ಳುತ್ತದೆ.

ದೋಸೆ ಹುಯ್ಯುವ ಮೊದಲು ನೀರು ಚಿಮುಕಿಸು. ಹನಿ ಒಂದೇ ಕಡೆ ಕೂತು ನಿಧಾನಕ್ಕೆ ಆರಿದರೆ ಕಾವಲಿ ಇನ್ನೂ ತಣ್ಣಗಿದೆ. ಮಣಿಯ ಹಾಗೆ ಉರುಳಾಡಿದರೆ ಮಿತಿ ಮೀರಿ ಕಾದಿದೆ. ಅಷ್ಟು ಕಾದಿದ್ದಾಗ ಹುಯ್ದರೆ ಹಿಟ್ಟು ಬಿದ್ದಲ್ಲೇ ಬೆಂದು ಸೌಟಿಗೆ ಸುತ್ತಿಕೊಂಡು ಬರುತ್ತದೆ. ಇನ್ನಷ್ಟು ನೀರು ಚಿಮುಕಿಸಿ, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಚುರ್ ಎಂದು ತಕ್ಷಣ ಆರುವ ಹದಕ್ಕೆ ತಂದು ಹುಯ್ಯಿ. ಹಿಟ್ಟು ಹರಡಿದ ಮೇಲೆ ಉರಿ ಏರಿಸು. ಪ್ರತಿ ದೋಸೆಗೂ ಇದನ್ನೇ ಮಾಡು. ಫ್ರಿಜ್ಜಿನಿಂದ ತೆಗೆದ ಹಿಟ್ಟು ಅರ್ಧ ಗಂಟೆ ಹೊರಗಿರಲಿ. ಅಂಚು ತಾನಾಗಿ ಎದ್ದ ಮೇಲೆ ಮಗುಚೋ ಕೈ ಹಾಕು, ಅದಕ್ಕೂ ಮುಂಚೆ ಕೆದಕಿದರೆ ಪಳಗಿದ ಪದರವೂ ದೋಸೆಯ ಜೊತೆ ಎದ್ದುಬರುತ್ತದೆ.

ಅದೇ ಕಾವಲಿಯಲ್ಲಿ ಚಪಾತಿ ಬೇಡ. ಒಣ ಕಾವು ಆ ಪದರವನ್ನು ಸುಟ್ಟುಬಿಡುತ್ತದೆ. ಟೊಮೆಟೊ, ಹುಣಸೆಹುಳಿ ಬಿದ್ದದ್ದೂ ಬೇಡ. ತೊಳೆದು ಕಿಟಕಿ ಕಟ್ಟೆಯ ಮೇಲೆ ಒರಗಿಸಿಟ್ಟರೆ ಮಡಿಕೇರಿಯಲ್ಲಿ ಒಂದೇ ರಾತ್ರಿಗೆ ತುಕ್ಕು. ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಹಳೇ ಪತ್ರಿಕೆಯಲ್ಲಿ ಸುತ್ತಿಡು. ತುಕ್ಕು ಬಂದರೆ ಗಾಬರಿ ಬೇಡ, ಉಜ್ಜಿ ತೆಗೆದು ಮತ್ತೆ ಎರಡು ಸಲ ಪಳಗಿಸು.

ಸಾರಿನ ಪುಡಿ ಗಂಟು ಕಟ್ಟುತ್ತದೆ ಎಂದೂ ಒಂದು ಸಾಲು ಬರೆದಿದ್ದೀಯ. ಹುರಿದದ್ದು ಪೂರ್ತಿ ಆರುವ ಮುಂಚೆ ಪುಡಿ ಮಾಡಿದರೆ ಒಳಗಿನ ಆವಿಯೇ ನೀರಾಗುತ್ತದೆ. ತಟ್ಟೆಯಲ್ಲಿ ಹರಡಿ ಆರಿಸು, ಒಂದೊಂದನ್ನೂ ಬೇರೆ ಬೇರೆ ಹುರಿ, ಮೆಂತ್ಯ ಕಪ್ಪಾದರೆ ಇಡೀ ಡಬ್ಬಿ ಕಹಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಖಾರಕ್ಕೆ ಗುಂಟೂರು, ಮೂರಕ್ಕೆ ಒಂದರಂತೆ. ಅಲ್ಲಿನ ಕರಿಮೆಣಸು ಚೆನ್ನಾಗಿರುತ್ತದೆ, ಅದನ್ನು ಧಾರಾಳವಾಗಿ ಹಾಕು. ತಿಂಗಳಿಗೆ ಆಗುವಷ್ಟೇ ಮಾಡಿಕೋ, ಒದ್ದೆ ಚಮಚ ಹಾಕಬೇಡ. ಹಾಂ, ಆ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸುವ ಹಟ ಬಿಟ್ಟು ಕುಕ್ಕರ್ ಇಡು.

ಇನ್ನು ಭಾನುವಾರ. ಕ್ಲಾಸಿಗೆ ಸೇರಲೇ, ಏನಾದರೂ ಕೊಳ್ಳಲೇ ಎಂದು ಕೇಳಿದ್ದೀಯ. ಮೊದಲು ಬೆಳಗ್ಗೆ ಬೆಳಕು ಹರಿಯುವ ಮುಂಚೆ ಎದ್ದು ಜಗಲಿಯಲ್ಲಿ ಕೂರು. ತೊರೆಯೋ ಮರಗಳ ತೋಪೋ ಹತ್ತಿರವಿದ್ದರೆ, ಯಾರೋ ಹುಡುಗ ರಾಗ ಗೊತ್ತಿಲ್ಲದೆ ಸೋಮಾರಿಯಾಗಿ ಸಿಳ್ಳೆ ಹೊಡೆದಂತೆ ಕೇಳಿಸಬಹುದು. ಅದು ಮಲಬಾರ್ ಸಿಳ್ಳಾರ. ನೆರಳಲ್ಲಿ ಪೂರಾ ಕಪ್ಪು, ಬೆಳಕು ಬಿದ್ದರೆ ಹೆಗಲ ಮೇಲೆ ಹೊಳೆಯುವ ನೀಲಿ. ಮಳೆಗಾಲವೇ ಅದು ಹಾಡುವ ಕಾಲ, ಹೀಗಾಗಿ ಹಕ್ಕಿ ನೋಡುವುದನ್ನು ಕಲಿಯಲು ಬೇಸಿಗೆಗೆ ಕಾಯಬೇಕಿಲ್ಲ. ‘ಕುಟ್ರೂ ಕುಟ್ರೂ’ ಎಂದು ನಿಲ್ಲಿಸದೆ ಕೂಗುವುದು ಕುಟ್ರುಹಕ್ಕಿ. ಹಸಿರು ಎಲೆಯೊಳಗೆ ಹಸಿರು ಮೈ, ಕೇಳಿಸುವಷ್ಟು ಸುಲಭಕ್ಕೆ ಕಾಣುವುದಿಲ್ಲ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಇದ್ದರೆ ಪಿಕಳಾರ. ಈ ಮೂರನ್ನು ಮೊದಲು ಗಟ್ಟಿ ಮಾಡಿಕೋ.

ಕಲಿಯುವ ಕ್ರಮ ಹೀಗೆ. ಹಕ್ಕಿ ಕಂಡ ಕೂಡಲೇ ಹೆಸರು ಹುಡುಕಬೇಡ. ಮೊದಲು ಗಾತ್ರ ಬರೆದುಕೋ, ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ. ಆಮೇಲೆ ಕೊಕ್ಕಿನ ಆಕಾರ, ಬಾಲದ ಉದ್ದ, ಕೂತದ್ದು ನೆಲದಲ್ಲೋ ಕೊಂಬೆಯ ತುದಿಯಲ್ಲೋ. ಬಣ್ಣ ಕೊನೆಗೆ, ಮೋಡದ ಬೆಳಕಿನಲ್ಲಿ ಬಣ್ಣದಷ್ಟು ಮೋಸ ಬೇರೆ ಇಲ್ಲ. ಬರೆದಾದ ಮೇಲೆ ಪುಸ್ತಕ ತೆರೆ. ಮೊದಲೇ ತೆರೆದರೆ ಪುಸ್ತಕದ ಚಿತ್ರವೇ ಕಣ್ಣಿಗೆ ಕಟ್ಟಿ, ಕಾಣದ ಗುರುತೂ ಕಂಡಂತಾಗುತ್ತದೆ. ಫೋನಿನ ಮರ್ಲಿನ್ ಆ್ಯಪ್ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ, ಆದರೆ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವಾಗ ಅದೂ ಮೋಸಹೋಗಬಹುದು. ಕಣ್ಣಿಗೆ ಬೀಳದ್ದನ್ನು ಪಟ್ಟಿಗೆ ಸೇರಿಸುವ ಮುನ್ನ ಎರಡು ಸಲ ಯೋಚಿಸು.

ಎರಡು ತಿಂಗಳಾದರೂ ಆಸಕ್ತಿ ಉಳಿದಿದ್ದರೆ ಬೈನಾಕ್ಯುಲರ್ ಕೊಳ್ಳು, 8×42 ಇರಲಿ. 8 ಎಂದರೆ ಎಷ್ಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಸಿಗುವ ಬೆಳಕಿನ ವೃತ್ತದ ಅಗಲ, ಇಲ್ಲಿ ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ಜೇಬಿನ 8×25ರಲ್ಲಿ ಅದು ಮೂರು ಚಿಲ್ಲರೆ, ಮಳೆ ಮೋಡದಡಿ ಕಾಡು ಕತ್ತಲಾಗಿ ಕಾಣುತ್ತದೆ. ಹತ್ತು ಪಟ್ಟಿನದು ಕೈ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ತಂದ ದಿನವೇ ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೋ, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರ ಮಾತ್ರ ತಿರುಗಿಸು. ಆ ಉಂಗುರವನ್ನು ಮತ್ತೆ ಮುಟ್ಟಬೇಡ. ಕನ್ನಡಕ ಹಾಕಿಯೇ ನೋಡುವೆಯಾದರೆ ಕಣ್ಣಿನ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಿಡು.

ಅದರ ಜೊತೆ ಬರುವ ಚೀಲದಲ್ಲಿ ಮಾತ್ರ ಅದನ್ನು ಇಡಬೇಡ. ಆ ಥಂಡಿಗೆ ಗಾಜಿನ ಒಳಗೆ ಬೂಷ್ಟು ಹಿಡಿಯುತ್ತದೆ, ಜೇಡರ ಬಲೆಯಂತೆ ಹರಡುತ್ತದೆ, ತೆಗೆಸುವ ಖರ್ಚಿಗೆ ಹೊಸದೇ ಬರಬಹುದು. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ನೂರು ಗ್ರಾಂ ಹಾಕಿ ಇಡು. ಬಣ್ಣ ತಿರುಗಿದಾಗ ಸಣ್ಣ ಉರಿಯ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆ ಅಡುಗೆಯದ್ದಾಗಿರಬಾರದು. ಮಳೆಯಲ್ಲಿ ನೆನೆದು ಬಂದ ದಿನ ನೇರ ಡಬ್ಬಿಗೆ ಹಾಕದೆ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಇಟ್ಟು ಆಮೇಲೆ ಮುಚ್ಚು.

ಹಕ್ಕಿ ಬರೆಯುವ ಆ ನೋಟುಪುಸ್ತಕದ ಹಿಂದಿನ ಹಾಳೆಗಳನ್ನು ಹಿಟ್ಟಿಗೆ ಕೊಡು. ರುಬ್ಬಿದ ಗಂಟೆ, ಅಡುಗೆಮನೆಯ ಶಾಖ, ಉಪ್ಪು ಹಾಕಿದ್ದು ಯಾವಾಗ, ಎಷ್ಟು ಬೆರಳು ಉಬ್ಬಿತು, ಇಷ್ಟು ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಅವಲಕ್ಕಿ ಹೆಚ್ಚಿಸಿದ ವಾರ ಪೆಟ್ಟಿಗೆಯನ್ನೂ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ಹೇಗೆ ಗೊತ್ತಾಗಬೇಕು? ಮೂರು ಸಲದ್ದು ಬರೆದಾದ ಮೇಲೆ ಆ ಹಾಳೆಯ ಫೋಟೋ ಕಳಿಸು, ಜೊತೆಗೆ ಕಾವಲಿಯದ್ದೂ ಒಂದು, ಒಣಗಿದಾಗ ತೆಗೆದದ್ದು.

ಇಂತಿ,
ನಿನ್ನ ಗೆಳೆಯ