ಹಳೆಯ ಜೀಪಿಗೆ ಆಟೊಮ್ಯಾಟಿಕ್ ಗೇರ್: ಇಳಿಜಾರಿನ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಹಳೆಯ ಲ್ಯಾಂಡ್ ರೋವರ್, ಜೀಪ್, ಟೊಯೊಟಾ ಲ್ಯಾಂಡ್ ಕ್ರೂಸರ್‌ಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುವ ಮಾತು ಬಂದಾಗಲೆಲ್ಲ ವಾದ ಒಂದೇ ಕಡೆಗೆ ಜಾರುತ್ತದೆ. ಮೂಲ ಸ್ವರೂಪ ಕೆಡಿಸಬಾರದು ಎನ್ನುವವರು ಕೆಲವರು, ಓಡಿಸುವವರ ಅನುಕೂಲವೇ ಮುಖ್ಯ ಎನ್ನುವವರು ಹಲವರು. ವಾಹನ ಹೇಗೆ ಮುಂದಕ್ಕೆ ಹೋಗುತ್ತದೆ ಎಂಬುದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಇಳಿಜಾರಿನಲ್ಲಿ ಅದನ್ನು ತಡೆದು ಹಿಡಿಯುವುದು ಯಾವುದು, ನಿಲ್ಲಿಸಿದ ಜಾಗದಲ್ಲೇ ಅದು ನಿಲ್ಲುತ್ತದೆಯೇ ಎಂಬ ವಿಚಾರ ಬದಿಗೆ ಸರಿದುಬಿಡುತ್ತದೆ. ಜೀವಕ್ಕೆ ಸಂಬಂಧಿಸಿದ ಮಾತು ಅದೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇಂಥ ವಾಹನಕ್ಕೆ ಆಟೊಮ್ಯಾಟಿಕ್ ಹಾಕುವುದೇ ಅಪಚಾರ ಎಂಬ ಅಭಿಪ್ರಾಯವನ್ನು ನಾನು ಒಪ್ಪಲಾರೆ. 1963ರ ಮಾದರಿಯ ಜೀಪ್ ವ್ಯಾಗೊನೀರ್‌ನಲ್ಲೇ ಕಂಪನಿ ಆಟೊಮ್ಯಾಟಿಕ್ ಆಯ್ಕೆಯನ್ನು ಕೊಟ್ಟಿತ್ತು. 1976ರಲ್ಲಿ ಬಂದ ಜೀಪ್ ಸಿಜೆ-7ರಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ ಸಿಜೆ-5ಕ್ಕಿಂತ ಸುಮಾರು 10 ಇಂಚು ಹೆಚ್ಚಾಗಿದ್ದು, ಟರ್ಬೊ ಹೈಡ್ರಾಮ್ಯಾಟಿಕ್ 400 ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಅದರಲ್ಲಿ ಜಾಗವಾಯಿತು. 1970ರಲ್ಲಿ ಮಾರುಕಟ್ಟೆಗೆ ಬಂದ ರೇಂಜ್ ರೋವರ್‌ಗೆ 1982ರಲ್ಲಿ ಕ್ರೈಸ್ಲರ್ ಕಂಪನಿಯ ಮೂರು ಗೇರಿನ ಆಟೊಮ್ಯಾಟಿಕ್, ಅನಂತರ ಜರ್ಮನಿಯ ಜೆಡ್‌ಎಫ್ ಕಂಪನಿಯ ನಾಲ್ಕು ಗೇರಿನ 4ಎಚ್‌ಪಿ22 ಸೇರಿದವು. ಈ ಜೆಡ್‌ಎಫ್ ಗೇರ್‌ಬಾಕ್ಸ್ ಲ್ಯಾಂಡ್ ರೋವರ್‌ನ ಹಳೆಯ ಡಿಫೆಂಡರ್‌ಗಳಿಗೂ ಬಳಕೆಯಾಗುವಂಥದ್ದು. ಎಡಗಾಲಿನ ಮಂಡಿ ಸವೆದು ಗಟ್ಟಿ ಕ್ಲಚ್ಚನ್ನು ತುಳಿಯಲಾರದವರು, ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡವರು ತಮ್ಮ ಪ್ರೀತಿಯ ವಾಹನವನ್ನು ಮಾರುವ ಬದಲು ಹೀಗೆ ಮಾರ್ಪಡಿಸಿಕೊಂಡರೆ ಅದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ.

ಕಚ್ಚಾ ಹಾದಿಯಲ್ಲಿ ಆಟೊಮ್ಯಾಟಿಕ್‌ನಿಂದ ನಿಜವಾದ ಲಾಭವೂ ಇದೆ. ಮರಳಿನಲ್ಲಿ ಅಥವಾ ಕೆಸರಿನಲ್ಲಿ ಏರುತ್ತಿರುವಾಗ ಗೇರ್ ಬದಲಿಸಲು ಕ್ಲಚ್ ತುಳಿದರೆ, ಚಕ್ರಕ್ಕೆ ಹೋಗುವ ಶಕ್ತಿ ಆ ಕ್ಷಣ ಕಡಿದುಹೋಗಿ ವಾಹನ ಅಲ್ಲೇ ಹೂತುಕೊಳ್ಳುತ್ತದೆ. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ ಶಕ್ತಿಯ ಹರಿವು ಕಡಿಯುವುದಿಲ್ಲ. ವಾಹನ ನಿಂತ ಸ್ಥಿತಿಯಿಂದ ಹೊರಡುವಾಗ ಅದು ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟಿನವರೆಗೆ ಹೆಚ್ಚಿಸಿಯೂ ಕೊಡುತ್ತದೆ. ದೊಡ್ಡ ಬಂಡೆಯ ಮೇಲೆ ಚಕ್ರವನ್ನು ಇಂಚಿಂಚಾಗಿ ಹತ್ತಿಸುವಾಗ ಇದರ ಬೆಲೆ ಏನೆಂಬುದು ಓಡಿಸಿದವರಿಗೆ ಗೊತ್ತು.

ಆದರೆ ಈ ಲಾಭ ಏರುವಾಗ ಮಾತ್ರ. ಇಳಿಯುವಾಗ ಕನ್ವರ್ಟರ್ ಟಾರ್ಕನ್ನು ಹೆಚ್ಚಿಸುವುದಿಲ್ಲ. ಅದರೊಳಗಿನ ಎಣ್ಣೆ ಜಾರುವುದರಿಂದ ಎಂಜಿನ್ನಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಡಿಫೆಂಡರ್‌ನ ಆರ್380 ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಮೊದಲ ಗೇರಿನ ಅನುಪಾತ 3.69, ಜೆಡ್‌ಎಫ್‌ನದು 2.48. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಬಾಕ್ಸಿನ ಲೋ ರೇಂಜ್ (ನಿಧಾನ ಓಟದ ಗೇರ್) ಅನುಪಾತ ಎರಡರಲ್ಲೂ 3.32, ಆಕ್ಸಲ್ ಅನುಪಾತ 3.54. ಮೂರನ್ನೂ ಗುಣಿಸಿದರೆ ಮ್ಯಾನ್ಯುಯಲ್‌ನಲ್ಲಿ ಸುಮಾರು 43, ಆಟೊಮ್ಯಾಟಿಕ್‌ನಲ್ಲಿ ಸುಮಾರು 29 ಬರುತ್ತದೆ. ಅಂದರೆ ಕಡಿದಾದ ಇಳಿಜಾರಿನಲ್ಲಿ ಎಂಜಿನ್ ವಾಹನವನ್ನು ಹಿಡಿದಿಡುವ ಬಲದಲ್ಲಿ ಮೂರನೇ ಒಂದು ಪಾಲು ಗೇರಿನ ಲೆಕ್ಕದಲ್ಲೇ ಹೋಯಿತು, ಎಣ್ಣೆಯ ಜಾರುವಿಕೆ ಅದರ ಮೇಲೆ. ಮ್ಯಾನ್ಯುಯಲ್ ವಾಹನದಲ್ಲಿ ಪೆಡಲ್‌ಗಳ ಮೇಲಿನಿಂದ ಕಾಲು ತೆಗೆದು ಇಳಿದು ರೂಢಿಯಾದ ಚಾಲಕ ಅದೇ ಇಳಿಜಾರಿನಲ್ಲಿ ಈಗ ಬ್ರೇಕನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದು, ಬ್ರೇಕ್ ಒತ್ತುವ ಬಲವನ್ನು ಹೆಚ್ಚಿಸುವ ಸರ್ವೊ ಸಹಾಯವೂ ಇಲ್ಲದ ಹಳೆಯ ವಾಹನದಲ್ಲಿ ಆ ಡ್ರಮ್‌ಗಳು ಕಾದು ಹಿಡಿತ ಬಿಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ಗೇರ್‌ಬಾಕ್ಸ್ ಖರೀದಿಸುವ ಮೊದಲು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಜೊತೆಗೆ ಸರ್ವೊ ಹಾಕಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹಣ ಎರಡಕ್ಕೂ ಸಾಲದಿದ್ದರೆ ಗೇರ್‌ಬಾಕ್ಸ್ ಕಾಯಲಿ.

ನಿಲ್ಲಿಸುವ ವಿಚಾರದಲ್ಲಿ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಲಿವರನ್ನು ‘ಪಿ’ಗೆ, ಅಂದರೆ ಪಾರ್ಕಿಂಗ್ ಸ್ಥಾನಕ್ಕೆ, ತಂದರೆ ಗೇರ್‌ಬಾಕ್ಸಿನ ಹೊರಹೋಗುವ ಶಾಫ್ಟಿಗೆ ಒಂದು ಸಣ್ಣ ಕೊಂಡಿ ಸಿಕ್ಕಿಕೊಳ್ಳುತ್ತದೆ. ಆದರೆ ಆ ಶಾಫ್ಟಿಗೂ ಚಕ್ರಗಳಿಗೂ ನಡುವೆ ಟ್ರಾನ್ಸ್‌ಫರ್ ಬಾಕ್ಸ್ ಇದೆ. ಅದರ ಲಿವರ್ ಹೈ ಮತ್ತು ಲೋ ನಡುವಿನ ನ್ಯೂಟ್ರಲ್‌ನಲ್ಲಿ ಉಳಿದಿದ್ದರೆ ‘ಪಿ’ ಹಾಕಿಯೂ ವಾಹನ ಉರುಳುತ್ತದೆ. ಕಾರಿನಲ್ಲಿ ಆಟೊಮ್ಯಾಟಿಕ್ ಓಡಿಸಿ ರೂಢಿಯಾದ ಮನೆಯವರಿಗೆ ಇದು ಹೊಳೆಯುವುದೇ ಇಲ್ಲ. ಲ್ಯಾಂಡ್ ರೋವರ್‌ನಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಬಾಕ್ಸಿನ ಹಿಂಬದಿಯ ಶಾಫ್ಟಿನ ಮೇಲೆ ಇರುವುದರಿಂದ ಅದು ನ್ಯೂಟ್ರಲ್‌ನಲ್ಲೂ ಕೆಲಸ ಮಾಡುತ್ತದೆ. ಅದನ್ನು ಸರಿಯಾಗಿ ಹೊಂದಿಸಿಟ್ಟು ಪ್ರತಿ ಬಾರಿಯೂ ಎಳೆಯುವುದು ಕಡ್ಡಾಯವಾಗಬೇಕು. ‘ಪಿ’ ಅಥವಾ ‘ಎನ್’ನಲ್ಲಿ (ನ್ಯೂಟ್ರಲ್‌ನಲ್ಲಿ) ಮಾತ್ರ ಎಂಜಿನ್ ಸ್ಟಾರ್ಟ್ ಆಗುವಂತೆ ಮಾಡುವ ಸ್ವಿಚ್ಚಿನ ವೈರನ್ನು, ಹಳೆಯ ವೈರಿಂಗ್‌ಗೆ ಹೊಂದಿಸುವುದು ಕಷ್ಟವೆಂದು, ಜೋಡಿಸದೆ ಬಿಡುವುದನ್ನು ನಾನು ಕಂಡಿದ್ದೇನೆ. ಗೇರಿನಲ್ಲಿರುವಾಗಲೇ ಸ್ಟಾರ್ಟ್ ಆಗಿ ಮುಂದಕ್ಕೆ ಹಾರುವ ಇಂಥ ವಾಹನದ ಮುಂದೆ ಯಾರೂ ನಿಂತಿರಬಾರದು.

ಕೂರಿಸುವ ಕೆಲಸದಲ್ಲೂ ಅವಸರ ಸಲ್ಲದು. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನ ಪಂಪಿನೊಳಗೆ ಪೂರ್ತಿ ಕೂತ ಮೇಲೆಯೇ ಗೇರ್‌ಬಾಕ್ಸಿನ ಮುಂಭಾಗದ ಕವಚವಾದ ಬೆಲ್‌ಹೌಸಿಂಗನ್ನು ಎಂಜಿನ್ನಿಗೆ ಸೇರಿಸಬೇಕು. ಸೇರಿಸಿದ ನಂತರವೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಎಂಜಿನ್ನಿನ ತುದಿಯಲ್ಲಿ ತಿರುಗುವ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಸ್ವಲ್ಪ ಅಂತರ ಉಳಿದಿರಬೇಕು. ಅಂತರವಿಲ್ಲದಿದ್ದರೂ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆದು, ಎಂಜಿನ್ ಮೊದಲ ಸಲ ಚಾಲೂ ಆಗುವ ಮೊದಲೇ ಗೇರ್‌ಬಾಕ್ಸ್ ಹಾಳಾಗುತ್ತದೆ. ಜನರಲ್ ಮೋಟರ್ಸ್ ಕಂಪನಿಯ 700ಆರ್4ರಂಥ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಕ್ಸಿಲರೇಟರ್‌ಗೆ ಜೋಡಿಸುವ ಕೇಬಲ್ ಒಳಗಿನ ಎಣ್ಣೆಯ ಒತ್ತಡವನ್ನೂ ನಿರ್ಧರಿಸುತ್ತದೆ. ಬೇರೆ ಕಾರ್ಬುರೇಟರ್‌ಗೆ ಹೇಗೋ ಕಟ್ಟಿದ ಸಡಿಲ ಕೇಬಲ್ಲಿನಿಂದ ಒತ್ತಡ ಕುಸಿದು ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. ವೇಗದ ಪೆಟ್ರೋಲ್ ವಿ8 ಎಂಜಿನ್ನಿಗೆ ಹೊಂದಿಸಿದ ಗೇರ್‌ಬಾಕ್ಸನ್ನು ನಿಧಾನವಾಗಿ ತಿರುಗುವ ಡೀಸೆಲ್ ಎಂಜಿನ್ನಿಗೆ ಹಾಗೆಯೇ ಸೇರಿಸಿದರೆ, ಗೇರ್ ಬದಲಾಗಬೇಕಾದ ವೇಗವನ್ನು ಎಂಜಿನ್ ಮುಟ್ಟುವುದೇ ಕಷ್ಟ. ಎಣ್ಣೆಗೆ ಪ್ರತ್ಯೇಕ ಕೂಲರ್ ಮತ್ತು ಚಾಲಕನ ಕಣ್ಣೆದುರು ಎಣ್ಣೆಯ ತಾಪಮಾಪಕ ಇರಲೇಬೇಕು, ಏಕೆಂದರೆ ಲೋ ರೇಂಜಿನಲ್ಲಿ ನಿಧಾನವಾಗಿ ಏರುವಾಗಲೇ ಎಣ್ಣೆ ಅತಿಯಾಗಿ ಕಾಯುವುದು, ಎದುರುಗಾಳಿ ಸಿಗದಿರುವುದೂ ಆಗಲೇ.

ತೆಗೆದ ಹಳೆಯ ಗೇರ್‌ಬಾಕ್ಸ್, ಪೆಡಲ್‌ಗಳು, ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಎಣ್ಣೆ ಸವರಿ ಜೋಪಾನವಾಗಿ ಇಡಬೇಕು. ಚಾಸಿಯನ್ನು ಕತ್ತರಿಸದೆ, ಬೋಲ್ಟಿನಿಂದ ಕೂರುವ ಬ್ರಾಕೆಟ್‌ಗಳನ್ನೇ ಬಳಸಬೇಕು. ಆಗ ಮೂಲ ಸ್ವರೂಪದ ಬಗ್ಗೆ ಕಾಳಜಿ ಇರುವವರ ಆಕ್ಷೇಪಕ್ಕೂ ಉತ್ತರ ಸಿಕ್ಕಂತಾಗುತ್ತದೆ.

ಮಾರ್ಪಾಡು ಮಾಡುವ ವರ್ಕ್‌ಶಾಪುಗಳವರಲ್ಲಿ ನನ್ನ ವಿನಂತಿ ಇಷ್ಟೇ. ವಾಹನವನ್ನು ಒಪ್ಪಿಸುವ ಮುನ್ನ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೃಪ್ತರಾಗಬೇಡಿ. ಪೂರ್ತಿ ಭಾರ ಹೇರಿ, ಲೋ ರೇಂಜಿನ ಮೊದಲ ಗೇರಿನಲ್ಲಿ ಕಡಿದಾದ ಇಳಿಜಾರನ್ನು ಇಳಿಸಿ, ನಡುವೆ ನಿಲ್ಲಿಸಿ, ಟ್ರಾನ್ಸ್‌ಫರ್ ಬಾಕ್ಸನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಒಂದೇ ಅದನ್ನು ಹಿಡಿಯುತ್ತದೆಯೇ ಎಂಬುದನ್ನು, ಚಕ್ರಗಳಿಗೆ ಕಲ್ಲು ಅಡ್ಡವಿಟ್ಟುಕೊಂಡು, ಮಾಲೀಕರ ಎದುರಿಗೇ ಪರೀಕ್ಷಿಸಿ ತೋರಿಸಿ.

ಇಂತಿ,
ಹಳೆಯ ವಾಹನಗಳಲ್ಲಿ ಆಸಕ್ತಿಯುಳ್ಳ ಓದುಗ