ಗನ್ ತುಂಬಿದವರನ್ನೂ ಕೇಳಿ

ಸಂಪಾದಕರೇ,

ವಿಜಯ ದಿವಸಕ್ಕೆ ನೀವು 1971ರ ಯುದ್ಧದ ಬಗ್ಗೆ ಇಡೀ ಪುಟ ಕೊಟ್ಟಿದ್ದು ಖುಷಿ ಆಯಿತು. ಓದಿದ ಮೇಲೆ ಒಂದು ತಿದ್ದುಪಡಿ, ಒಂದು ತಕರಾರು ಇದೆ.

ತಿದ್ದುಪಡಿ ಚಿಕ್ಕದು. ಆಗಿನ ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾದ ಆಕಾಶ ಕಾಳಗ ಡಿಸೆಂಬರ್‌ನಲ್ಲಿ ನಡೆದದ್ದು ಅಂತ ಬರೆದಿದ್ದೀರಿ. ಅದು ನವೆಂಬರ್ 22ರದ್ದು. ಯುದ್ಧ ಅಂತ ಶುರುವಾಗಿದ್ದು ಡಿಸೆಂಬರ್ 3ಕ್ಕೆ, ಅದಕ್ಕೂ ಮುಂಚೆಯೇ ನಮ್ಮ ನ್ಯಾಟ್ ಯುದ್ಧವಿಮಾನಗಳು ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದಿದ್ದವು.

ತಕರಾರು ದೊಡ್ಡದು. ನಿಮ್ಮ ಪುಟದಲ್ಲಿ ಇದ್ದವರೆಲ್ಲ ಪೈಲಟ್‌ಗಳೇ. ಮ್ಯಾಸ್ಸಿ, ಗಣಪತಿ, ಲಾಜರಸ್, ಸೋರೆಸ್ ನಾಲ್ವರ ಹೆಸರೂ ಬಂದಿದೆ, ಬರಲೇಬೇಕು. ಆದರೆ ಆ ದಿನ ನಡೆದದ್ದನ್ನು ಒಮ್ಮೆ ನೋಡಿ. ಬೆಳಗ್ಗೆಯಿಂದ ಸೇಬರ್‌ಗಳು ಎರಡು ಸಲ ಬಂದು ಹೋಗಿದ್ದವು, ಕೋಲ್ಕತ್ತದ ದಮ್‌ದಮ್ ವಿಮಾನ ನಿಲ್ದಾಣದಿಂದ ನಮ್ಮವರು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ. ಮೂರನೇ ಸಲ ಮಧ್ಯಾಹ್ನ ರಾಡಾರ್‌ನಲ್ಲಿ ಕಂಡಾಗ ಮೂರು ನಿಮಿಷದೊಳಗೆ ನಾಲ್ಕು ನ್ಯಾಟ್‌ಗಳು ಗಾಳಿಯಲ್ಲಿದ್ದವು. ಎರಡು ಸಲ ಸುಮ್ನೆ ಹಾರಿ ವಾಪಸ್ ಬಂದಾಗಲೂ ಇಂಧನ ತುಂಬಬೇಕು, ಆಕ್ಸಿಜನ್ ನೋಡಬೇಕು, ಟೈರು ನೋಡಬೇಕು, ಮತ್ತೆ ಹೊರಡುವ ಸ್ಥಿತಿಗೆ ತಂದು ನಿಲ್ಲಿಸಬೇಕು. ಇದನ್ನೆಲ್ಲ ಯಾರು ಮಾಡಿದರು? ನಿಮ್ಮ ಪುಟದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ನೆಲದ ಮೇಲಿದ್ದವರಲ್ಲಿ ಫೈಟರ್ ಕಂಟ್ರೋಲರ್ ಬಾಗ್ಚಿ ಕೂಡ ಒಬ್ಬರು. ರಾಡಾರ್ ಮುಂದೆ ಕೂತು ನ್ಯಾಟ್‌ಗಳನ್ನು ಸರಿಯಾದ ಜಾಗಕ್ಕೆ ಕರೆದೊಯ್ದವರು ಅವರು. ನೀವು ಅವರ ಹೆಸರನ್ನೂ ಬಿಟ್ಟಿದ್ದೀರಿ.

ನನಗ್ಯಾಕೆ ಇಷ್ಟು ಕಾಳಜಿ ಅಂದರೆ, ನಮ್ಮ ಸೋದರಮಾವ ಆಗ ಏರ್‌ಫೋರ್ಸ್‌ನಲ್ಲಿ ಆರ್ಮರರ್ ಆಗಿದ್ದರು. ಬೊಯ್ರಾದಲ್ಲಲ್ಲ, ಪಂಜಾಬ್ ಕಡೆ, ಆದರೆ ಅದೇ ನ್ಯಾಟ್ ವಿಮಾನ. ಆರ್ಮರರ್ ಅಂದರೆ ಗನ್ನು, ಗುಂಡು ನೋಡಿಕೊಳ್ಳುವವನು. ನ್ಯಾಟ್ ಎಷ್ಟು ಕುಳ್ಳ ವಿಮಾನ ಅಂದರೆ ಏಣಿ ಇಲ್ಲದೆ ನೆಲದ ಮೇಲೆ ನಿಂತೇ ಬಹುಪಾಲು ಕೆಲಸ ಮಾಡಬಹುದಿತ್ತು. ಅದರಲ್ಲಿ 30 ಮಿಲಿಮೀಟರ್‌ನ ಎರಡು ಏಡನ್ ಗನ್. ಗುಂಡುಗಳು ಸರಪಳಿ ಹಾಗೆ ಒಂದಕ್ಕೊಂದು ಸಿಕ್ಕಿಸಿದ ಬೆಲ್ಟ್‌ನಲ್ಲಿ ಹೋಗುತ್ತಿದ್ದವು. ಆ ಗನ್ನು ಜಾಮ್ ಆಗುವುದು ನ್ಯಾಟ್‌ನ ಹಳೇ ರೋಗ. ಬೊಯ್ರಾದಲ್ಲೂ ಮ್ಯಾಸ್ಸಿ ಅವರ ಒಂದು ಗನ್ ನಿಂತುಹೋಗಿತ್ತು. ಅದಕ್ಕೇ ಮಾವ ಬೆಲ್ಟ್ ತುಂಬುವಾಗ ಒಂದೊಂದು ಗುಂಡನ್ನೂ ಕೈಯಲ್ಲಿ ಸವರಿ ನೋಡುತ್ತಿದ್ದರಂತೆ.

ಸಿರುಗುಪ್ಪದ ಬಿಸಿಲಲ್ಲಿ ಬೆಳೆದ ಮನುಷ್ಯ. ಡಿಸೆಂಬರ್ ರಾತ್ರಿಯ ಚಳಿಗೆ ಕಬ್ಬಿಣ ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತಿತ್ತು, ಆದರೆ ಕೈಗವಸು ಹಾಕಿದರೆ ಬೆಲ್ಟ್‌ನ ಲಿಂಕ್ ಸರಿ ಕೂತಿದೆಯಾ ಅಂತ ಗೊತ್ತಾಗುವುದಿಲ್ಲ, ಹಂಗಾಗಿ ಬರಿಗೈ. ಊರೆಲ್ಲ ಬ್ಲ್ಯಾಕ್‌ಔಟ್, ಟಾರ್ಚಿನ ಗಾಜಿಗೆ ಕಾಗದ ಅಂಟಿಸಿ ಅದರ ಬೆಳಕಲ್ಲಿ ಕೆಲಸ. ಊಟ ವಿಮಾನದ ಪಕ್ಕಕ್ಕೇ ಬರುತ್ತಿತ್ತು, ಪೂರಿ ಮತ್ತು ಆಲೂಗಡ್ಡೆ ಪಲ್ಯ, ದಿನಾ ಅದೇ. ರೊಟ್ಟಿ, ಶೇಂಗಾ ಚಟ್ನಿ ನೆನಪಾಗಿ ಜೀವ ಹೋಗುತ್ತಿತ್ತು ಅಂತ ಈಗಲೂ ಬೈಯುತ್ತಾರೆ. ಯುದ್ಧದ ಬಗ್ಗೆ ಅವರು ಮೊದಲು ಹೇಳುವುದೇ ಈ ಪೂರಿ ಕಥೆ!

ರನ್‌ವೇ ತುದಿಯಲ್ಲಿ ಎರಡು ವಿಮಾನ ಸದಾ ಸಿದ್ಧ ನಿಂತಿರುತ್ತಿದ್ದವು, ಒಳಗೆ ಪೈಲಟ್ ಬೆಲ್ಟ್ ಬಿಗಿದುಕೊಂಡು ಕೂತಿರುತ್ತಿದ್ದ. ಹೊರಡುವ ಮುಂಚೆ ಗನ್ನಿನ ಸೇಫ್ಟಿ ಪಿನ್ ತೆಗೆದು, ಅದನ್ನು ಮೇಲೆತ್ತಿ ಪೈಲಟ್‌ಗೆ ತೋರಿಸುವುದು ಮಾವನ ಕೆಲಸ. ಅದಕ್ಕೂ ಮುಂಚೆ ಫಾರ್ಮ್ 700 ಅನ್ನೋ ದಾಖಲೆಯಲ್ಲಿ ಎಂಜಿನ್‌ನವನು, ಬಾಡಿಯವನು, ಎಲೆಕ್ಟ್ರಿಕಲ್‌ನವನು, ಗನ್ನಿನವನು ಎಲ್ಲರೂ ಸಹಿ ಹಾಕಬೇಕು, ಕೊನೆಗೆ ಪೈಲಟ್ ಸಹಿ. ಅಂದರೆ ಏನಾದರೂ ಕೆಟ್ಟರೆ ಯಾರ ಕೈ ಅಂತ ಬರವಣಿಗೆಯಲ್ಲೇ ಇರುತ್ತದೆ. ವಿಮಾನ ವಾಪಸ್ ಬರುವವರೆಗೆ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲವಂತೆ. ಬಂದ ತಕ್ಷಣ ಮೊದಲು ಗನ್ನಿನ ಬಾಯಿ ನೋಡುವುದು, ಕಪ್ಪಾಗಿದ್ದರೆ ಹೊಡೆದಿದ್ದಾರೆ ಅಂತ ಲೆಕ್ಕ. ಎಂಜಿನ್ ಸದ್ದಿಗೆ ಮಾವನ ಎಡಕಿವಿ ಹೋಯಿತು. ಅದಕ್ಕೆ ಯಾವ ಪದಕವೂ ಇಲ್ಲ, ಅವರು ಕೇಳಿದವರೂ ಅಲ್ಲ.

ಪೈಲಟ್‌ಗಳ ವಿಷಯದಲ್ಲೇ ನಮ್ಮಲ್ಲಿ ಎಷ್ಟು ತಡ ಆಗುತ್ತದೆ ನೋಡಿ. ಕೊಡಗಿನ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ತಾವೂ ತೀರಿಕೊಂಡರು. ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲೇ ಇಲ್ಲಿ ಗೊತ್ತಾಗಿದ್ದು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಅವರಿಗೇ ಹೀಗಾದರೆ, ಗನ್ ತುಂಬಿದವರ ಕಥೆ ತಾನಾಗಿ ನಿಮ್ಮ ಕಚೇರಿಗೆ ನಡೆದು ಬರುತ್ತದಾ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಹೀಗೆ ಫಿಟ್ಟರ್, ಆರ್ಮರರ್, ರೇಡಿಯೋ ಮೆಕ್ಯಾನಿಕ್ ಆಗಿ ಹೋದವರು ಇನ್ನೂ ಇದ್ದಾರೆ. 1971ರಲ್ಲಿ ಕೆಲಸಕ್ಕೆ ಸೇರಿದ ಹುಡುಗನಿಗೂ ಈಗ ಎಪ್ಪತ್ತು ದಾಟಿದೆ. ಮುಂದಿನ ವಿಜಯ ದಿವಸದವರೆಗೆ ಕಾಯಬೇಡಿ. ವಾರಕ್ಕೊಬ್ಬರಂತೆ ಮಾತಾಡಿಸಿ, ಅವರು ಹೇಳಿದ ಹಾಗೇ ಹಾಕಿ, ಮೇಲೆ ದೇಶಭಕ್ತಿಯ ಒಗ್ಗರಣೆ ಬೇಡ. ಐಟಿಐ ಓದುವ ಹುಡುಗರಿಗೂ ಇಂಥ ಕೆಲಸ ಒಂದಿದೆ ಅಂತ ಗೊತ್ತಾಗಲಿ.

ನಮ್ಮ ಮನೆಗೆ ವರದಿಗಾರರನ್ನು ಕಳಿಸುವುದಾದರೆ ಬೆಳಗ್ಗೆ ಹನ್ನೊಂದರೊಳಗೆ ಕಳಿಸಿ, ಊಟ ಆದ ಮೇಲೆ ಮಾವ ಮಲಗಿಬಿಡುತ್ತಾರೆ. ಮತ್ತೆ ಬಲಗಡೆ ಕೂತು ಮಾತಾಡಲು ಹೇಳಿ.

ಇಂತಿ,
ನಿಮ್ಮ ಓದುಗ,
ಕೌಲ್ ಬಜಾರ್, ಬಳ್ಳಾರಿ